ಜಾಮೆನ್‌ಹೋಫ್: ಕ್ರಿಯಾಪದ, ಕರ್ಮಪ್ರತ್ಯಯ ಮತ್ತು ಭಾಷಾಕರ್ತೃವಿನ ಅಧಿಕಾರ

ಕೃತಕ ಭಾಷೆಯೊಂದನ್ನು ರಚಿಸಲು ಹೊರಡುವವರು ಪದಗಳನ್ನು ಇರುವ ಭಾಷೆಗಳಿಂದ ಎರವಲು ಪಡೆಯಬಹುದು. ಆದರೆ ಕ್ರಿಯೆಯನ್ನು ಯಾವ ರೂಪದಲ್ಲಿ ಹೇಳಬೇಕು, ಆ ಕ್ರಿಯೆಯಲ್ಲಿ ಪಾಲ್ಗೊಳ್ಳುವ ಕರ್ತೃ, ಕರ್ಮ ಮೊದಲಾದ ಕಾರಕಗಳನ್ನು ಹೇಗೆ ಗುರುತಿಸಬೇಕು ಎಂಬ ಪ್ರಶ್ನೆಗಳಿಗೆ ಅವರೇ ಉತ್ತರ ಕಂಡುಕೊಳ್ಳಬೇಕಾಗುತ್ತದೆ. ಕ್ರಿಯಾಪದವು ಲಿಂಗ, ವಚನ, ಪುರುಷಗಳಿಗೆ ಅನುಗುಣವಾಗಿ ರೂಪ ಬದಲಿಸಬೇಕೆ? ಕರ್ಮವನ್ನು ಪ್ರತ್ಯಯ ಸೂಚಿಸಬೇಕೆ, ಪದಾನುಕ್ರಮ ಸೂಚಿಸಬೇಕೆ? ಸಹಜ ಭಾಷೆಗಳಲ್ಲಿ ಶತಮಾನಗಳ ಬಳಕೆಯೇ ಇವುಗಳಿಗೆ ಉತ್ತರ ನೀಡಿರುತ್ತದೆ; ವೈಯಾಕರಣನು ಆ ಉತ್ತರವನ್ನು ವಿವರಿಸುತ್ತಾನೆ. ಕೃತಕ ಭಾಷೆಯಲ್ಲಾದರೋ ರಚಿಸಿದವನೇ ವೈಯಾಕರಣ, ಅವನೇ ಮೊದಲ ಭಾಷಿಕ. ಅವನು ಮಾಡಿದ ನಿಯಮವನ್ನು ಬದಲಿಸುವ ಅಧಿಕಾರ ಅವನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಇದರಿಂದ ಹುಟ್ಟುವ ಇನ್ನೊಂದು ಪ್ರಶ್ನೆ.

ಎಸ್ಪೆರಾಂಟೊ ಭಾಷೆಯನ್ನು ರೂಪಿಸಿದ ಲುಡ್ವಿಕ್ ಲಜಾರ್ ಜಾಮೆನ್‌ಹೋಫ್ (1859-1917) ಅವರ ಜೀವನವು ಈ ಎರಡೂ ಪ್ರಶ್ನೆಗಳ ನಡುವೆ ಸಾಗಿದೆ. ಜನಾಂಗಗಳ ನಡುವೆ ಸೌಹಾರ್ದ ಬಯಸಿದ ಕನಸುಗಾರರೆಂದು ಅವರನ್ನು ಸ್ಮರಿಸುವುದು ವಾಡಿಕೆ. ಅವರ ವ್ಯಾಕರಣಕಾರ್ಯವು ಈ ಸ್ಮರಣೆಯ ಹಿಂದೆ ಮರೆಯಾಗುವುದುಂಟು. ಕರ್ಮವನ್ನು ಸೂಚಿಸಲು ತಾವೇ ಇಟ್ಟ ಪ್ರತ್ಯಯವನ್ನು ಅವರು ಒಮ್ಮೆ ಕೈಬಿಡಲು ಮುಂದಾದರು; ಭಾಷೆಯನ್ನು ಬಳಸುತ್ತಿದ್ದವರು ಒಪ್ಪಲಿಲ್ಲ; ಅವರು ಆ ತೀರ್ಪಿಗೆ ತಲೆಬಾಗಿದರು. ಎಸ್ಪೆರಾಂಟೊ ಉಳಿದುಬಂದ ಬಗೆಯನ್ನು ಅರಿಯಲು ಅದರ ಧಾತು ಪ್ರತ್ಯಯಗಳ ಸ್ವರೂಪದಷ್ಟೇ ಈ ತಲೆಬಾಗುವಿಕೆಯೂ ಮುಖ್ಯವಾದುದು. ಪ್ರಸ್ತುತ ಲೇಖನವು ಅವರ ಜೀವನವನ್ನು ಈ ನೆಲೆಯಿಂದ ನಿರೂಪಿಸುತ್ತದೆ.

ಭಾಷಾಪರಿಸರ ಮತ್ತು ಮೊದಲ ಕರಡುಗಳು

ಜಾಮೆನ್‌ಹೋಫ್ 1859ರ ಡಿಸೆಂಬರ್ 15ರಂದು ಬಿಯಾಲಿಸ್ಟಾಕ್ ನಗರದಲ್ಲಿ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಇಂದು ಪೋಲೆಂಡಿನಲ್ಲಿರುವ ಈ ಊರು ಅಂದು ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ಯಹೂದಿಗಳು ಯಿಡ್ಡಿಶ್, ಪೋಲರು ಪೋಲಿಷ್, ಅಧಿಕಾರಿವರ್ಗ ರಷ್ಯನ್, ಜರ್ಮನ್ ಮೂಲದವರು ಜರ್ಮನ್ ಮಾತನಾಡುತ್ತಿದ್ದರು. ಸುತ್ತಲ ಹಳ್ಳಿಗಳಲ್ಲಿ ಬೆಲರೂಸಿಯನ್ ಇತ್ತು. ಈ ಸಮುದಾಯಗಳ ನಡುವಿನ ವೈಷಮ್ಯವೇ ಬಾಲಕನ ಮನಸ್ಸಿನಲ್ಲಿ ಸಾಮಾನ್ಯ ಭಾಷೆಯ ಕಲ್ಪನೆಯನ್ನು ಬಿತ್ತಿತೆಂದು ಜಾಮೆನ್‌ಹೋಫ್ ಮುಂದೆ ಬರೆದ ಪತ್ರಗಳಿಂದ ತಿಳಿದುಬರುತ್ತದೆ. ತಂದೆ ಮಾರ್ಕುಸ್ ಭಾಷಾ ಶಿಕ್ಷಕರು. ಮನೆಯಲ್ಲಿ ರಷ್ಯನ್ ಮತ್ತು ಯಿಡ್ಡಿಶ್, ಬೀದಿಯಲ್ಲಿ ಪೋಲಿಷ್, ತಂದೆಯಿಂದ ಜರ್ಮನ್, ಫ್ರೆಂಚ್ ಮತ್ತು ಹೀಬ್ರೂ, 1873ರಲ್ಲಿ ಕುಟುಂಬ ವಾರ್ಸಾಗೆ ನೆಲೆ ಬದಲಿಸಿದ ಮೇಲೆ ಶಾಲೆಯಲ್ಲಿ ಲ್ಯಾಟಿನ್ ಮತ್ತು ಗ್ರೀಕ್ - ಹೀಗೆ ಹರೆಯದಲ್ಲಿಯೇ ಅವರಿಗೆ ಹಲವು ಭಾಷೆಗಳ ಪರಿಚಯವಾಯಿತು. ಇವುಗಳಲ್ಲಿ ರಷ್ಯನ್, ಪೋಲಿಷ್, ಜರ್ಮನ್, ಲ್ಯಾಟಿನ್, ಗ್ರೀಕ್ ಇವೆಲ್ಲ ದ್ವಿತೀಯಾ ವಿಭಕ್ತಿಯನ್ನು ಉಳಿಸಿಕೊಂಡ ಭಾಷೆಗಳೆಂಬುದು ಮುಂದಿನ ಚರ್ಚೆಗೆ ಮುಖ್ಯ.

ಅವರ ವ್ಯಾಕರಣ ಚಿಂತನೆಗೆ ತಿರುವು ನೀಡಿದ ಎರಡು ಸಂಗತಿಗಳನ್ನು ಅವರೇ 1895ರ ಸುಮಾರಿಗೆ ಬೊರೋವ್ಕೊ ಎಂಬ ರಷ್ಯನ್ ಮಿತ್ರರಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾರೆ. ಮೊದಲನೆಯದು ಇಂಗ್ಲಿಷ್ ಕಲಿಕೆ. ಲ್ಯಾಟಿನ್ ಮತ್ತು ಗ್ರೀಕ್ ಕ್ರಿಯಾರೂಪಾವಳಿಗಳನ್ನು ಉರುಹೊಡೆದಿದ್ದ ವಿದ್ಯಾರ್ಥಿಗೆ ಇಂಗ್ಲಿಷಿನ ಸರಳ ಕ್ರಿಯಾಪದಗಳನ್ನು ಕಂಡಾಗ, ಅಷ್ಟೊಂದು ರೂಪಗಳು ಭಾಷೆಗೆ ಅನಿವಾರ್ಯವಲ್ಲ, ಅವು ಇತಿಹಾಸದ ಉಳಿಕೆಗಳು ಮಾತ್ರ ಎಂಬ ಅರಿವಾಯಿತು. ಆಗ ಅವರು ತಮ್ಮ ಕರಡಿನಿಂದ ಅನಗತ್ಯ ರೂಪಗಳನ್ನು ಒಂದೊಂದಾಗಿ ಕಿತ್ತುಹಾಕತೊಡಗಿದರು. ಎರಡನೆಯದು ವಾರ್ಸಾ ಬೀದಿಯ ಫಲಕಗಳು. ದ್ವಾರಪಾಲಕನ ಕೊಠಡಿಯ ಫಲಕದಲ್ಲಿಯೂ ಮಿಠಾಯಿ ಅಂಗಡಿಯ ಫಲಕದಲ್ಲಿಯೂ ಒಂದೇ ರಷ್ಯನ್ ಪ್ರತ್ಯಯವಿದ್ದುದನ್ನು ಗಮನಿಸಿದ ಅವರಿಗೆ, ಕೆಲವೇ ಪ್ರತ್ಯಯಗಳಿಂದ ಒಂದು ಧಾತುವಿನಿಂದ ಹಲವು ಪದಗಳನ್ನು ಸಾಧಿಸಬಹುದು, ಪದಕೋಶದ ಭಾರ ತಗ್ಗಿಸಬಹುದು ಎಂಬುದು ಹೊಳೆಯಿತು.

ಶಾಲಾ ದಿನಗಳ ಕೊನೆಗೆ, 1878ರ ಡಿಸೆಂಬರ್‌ನಲ್ಲಿ, ಲಿಂಗ್ವೆ ಉನಿವೆರ್ಸಾಲಾ ಎಂಬ ಮೊದಲ ಕರಡನ್ನು ಅವರು ಗೆಳೆಯರೊಂದಿಗೆ ಮನೆಯಲ್ಲಿಯೇ ಸಂಭ್ರಮದಿಂದ ಬಿಡುಗಡೆ ಮಾಡಿದರು. ಅದರಲ್ಲಿ ಉಳಿದುಬಂದಿರುವುದು ಒಂದು ಗೀತೆಯ ಕೆಲವು ಸಾಲುಗಳು ಮಾತ್ರ. ಆ ತುಣುಕಿನ ಕ್ರಿಯಾಪದಗಳ ಕೊನೆಯಲ್ಲಿ ಒತ್ತಿ ಉಚ್ಚರಿಸುವ ಸ್ವರಗಳಿವೆ, ಬಹುವಚನಕ್ಕೆ ಸಕಾರವಿದೆ. ಮುಂದಿನ ಎಸ್ಪೆರಾಂಟೊದ ರೂಪಗಳು ಇಲ್ಲಿಲ್ಲ. 1879ರಲ್ಲಿ ವೈದ್ಯಕೀಯ ವ್ಯಾಸಂಗಕ್ಕೆಂದು ಅವರು ಮಾಸ್ಕೋಗೆ ಹೋದರು. ಮಗ ಓದಿನಿಂದ ವಿಮುಖನಾದಾನೆಂಬ ಆತಂಕದಿಂದ ತಂದೆ ಭಾಷೆಯ ಹಸ್ತಪ್ರತಿಗಳನ್ನು ತಮ್ಮ ವಶದಲ್ಲಿರಿಸಿಕೊಂಡಿದ್ದರು. 1881ರಲ್ಲಿ ಹಿಂದಿರುಗಿ ಬಂದಾಗ ಅವು ನಾಶವಾಗಿದ್ದವು. ತಂದೆಯೇ ಸುಟ್ಟರೆಂದು ಜೀವನಚರಿತ್ರಕಾರರು ಹೇಳುತ್ತಾರೆ. ಜಾಮೆನ್‌ಹೋಫ್ ನೆನಪಿನಿಂದಲೇ ಎಲ್ಲವನ್ನೂ ಮತ್ತೆ ಬರೆದರು.

ಅಲ್ಲಿಂದ ಮುಂದಿನ ಆರು ವರ್ಷಗಳು ಪರೀಕ್ಷೆಯ ಕಾಲ. ಅನ್ಯಭಾಷೆಯ ಗ್ರಂಥಗಳನ್ನು ತಮ್ಮ ಭಾಷೆಗೆ ಅನುವಾದಿಸುತ್ತ, ಸ್ವತಂತ್ರವಾಗಿ ಬರೆಯುತ್ತ, ತಾವೇ ತಮ್ಮೊಳಗೆ ಆ ಭಾಷೆಯಲ್ಲಿ ಯೋಚಿಸುತ್ತ ಅವರು ನಿಯಮಗಳನ್ನು ಒರೆಗೆ ಹಚ್ಚಿದರು. ಕಾಗದದ ಮೇಲೆ ಒಪ್ಪವಾಗಿ ಕಂಡ ಎಷ್ಟೋ ರೂಪಗಳು ಬಳಕೆಯಲ್ಲಿ ತೊಡಕಾದವು. ವಿದ್ಯಾರ್ಥಿದೆಸೆಯಲ್ಲಿ ಅವರು ತಮ್ಮ ಮನೆಮಾತಾದ ಯಿಡ್ಡಿಶ್‌ಗೂ ಒಂದು ವ್ಯಾಕರಣವನ್ನು ಬರೆದಿದ್ದರು. ಅದು ಅವರ ಜೀವಿತಕಾಲದಲ್ಲಿ ಪೂರ್ಣವಾಗಿ ಪ್ರಕಟವಾಗಲಿಲ್ಲ. ಜೀವಂತ ಭಾಷೆಯೊಂದನ್ನು ವಿವರಿಸಿದ ಈ ಅನುಭವ ಹೊಸ ಭಾಷೆಯನ್ನು ಕಟ್ಟುವ ಕೆಲಸದ ಜೊತೆಜೊತೆಗೇ ಒದಗಿತೆಂಬುದು ಗಮನಾರ್ಹ.

1887ರ ಪುಸ್ತಕ ಮತ್ತು ಕ್ರಿಯಾಪದದ ರಚನೆ

1885ರಲ್ಲಿ ವೈದ್ಯ ಪದವಿ ಪಡೆದ ಜಾಮೆನ್‌ಹೋಫ್ ಸ್ವಲ್ಪ ಕಾಲ ಲಿಥುವೇನಿಯಾದ ವೆಯ್ಸಿಯೆಯಿ ಎಂಬ ಸಣ್ಣ ಊರಿನಲ್ಲಿ ವೃತ್ತಿ ಮಾಡಿ, ಬಳಿಕ ನೇತ್ರವೈದ್ಯರಾಗಲು ನಿರ್ಧರಿಸಿ ವಿಯೆನ್ನಾದಲ್ಲಿಯೂ ತರಬೇತಿ ಪಡೆದರು. ಭಾಷೆಯ ಪುಸ್ತಕಕ್ಕೆ ಪ್ರಕಾಶಕರು ಸಿಗಲಿಲ್ಲ. ಕ್ಲಾರಾ ಜಿಲ್ಬೆರ್ನಿಕ್ ಅವರೊಂದಿಗೆ ವಿವಾಹ ನಿಶ್ಚಯವಾದ ಮೇಲೆ ಮಾವನ ನೆರವಿನಿಂದ ಮುದ್ರಣ ಸಾಧ್ಯವಾಯಿತು. 1887ರ ಜುಲೈ 26ರಂದು ರಷ್ಯನ್ ಭಾಷೆಯಲ್ಲಿ ಆ ಕಿರುಹೊತ್ತಗೆ ಹೊರಬಂದಿತು. ಆಗಸ್ಟ್ 9ರಂದು ವಿವಾಹ ನಡೆಯಿತು. ಮೊದಲ ಪುಸ್ತಕವೆಂದೇ ಮುಂದೆ ಹೆಸರಾದ ಈ ಕೃತಿಯಲ್ಲಿದ್ದುದು ಪೀಠಿಕೆ, ಕೆಲವು ಪಠ್ಯಗಳು, 16 ವ್ಯಾಕರಣ ನಿಯಮಗಳು ಮತ್ತು ಸುಮಾರು 900 ಧಾತುಗಳ ಪಟ್ಟಿ.

ಲೇಖಕರು ತಮ್ಮ ಹೆಸರನ್ನು ಡಾಕ್ಟರ್ ಎಸ್ಪೆರಾಂಟೊ ಎಂದು ನಮೂದಿಸಿದ್ದರು. ಆಶಿಸು ಎಂಬ ಅರ್ಥದ ಎಸ್ಪೆರ್ ಎಂಬುದು ಧಾತು. ವರ್ತಮಾನ ಕರ್ತರಿ ಕೃದಂತದ ಪ್ರತ್ಯಯ ಅಂಟ್. ನಾಮಪದದ ಅಂತ್ಯ ಓ. ಆಶಿಸುತ್ತಿರುವವನು ಎಂಬುದು ಇಡೀ ಪದದ ಅರ್ಥ. ಲೇಖಕನ ಗುಪ್ತನಾಮವೇ ಕ್ರಮೇಣ ಭಾಷೆಯ ಹೆಸರಾಯಿತು. ಈ ಭಾಷೆಯನ್ನು ಹೆಸರಿಸುವವರೆಲ್ಲ ತಿಳಿದೋ ತಿಳಿಯದೆಯೋ ಅದರ ಕೃದಂತ ನಿಯಮವೊಂದನ್ನು ಉಚ್ಚರಿಸುತ್ತಿರುತ್ತಾರೆ.

ಆ ಹೊತ್ತಿಗೆ ಯುರೋಪಿನಲ್ಲಿ ಪ್ರಚಾರದಲ್ಲಿದ್ದ ಕೃತಕ ಭಾಷೆ ವೋಲಾಪ್ಯುಕ್. ಜರ್ಮನಿಯ ಪಾದ್ರಿ ಯೊಹಾನ್ ಮಾರ್ಟಿನ್ ಶ್ಲೇಯರ್ ಅದರ ಕರ್ತೃ. ಅದರ ಕ್ರಿಯಾಪದದಲ್ಲಿ ಕಾಲವನ್ನು ಪೂರ್ವಪ್ರತ್ಯಯ, ಪುರುಷವನ್ನು ಅಂತ್ಯಪ್ರತ್ಯಯ, ಕರ್ಮಣಿಯನ್ನು ಇನ್ನೊಂದು ಪೂರ್ವಪ್ರತ್ಯಯ ಸೂಚಿಸುತ್ತಿದ್ದವು. ನಾಮಪದಕ್ಕೆ ನಾಲ್ಕು ವಿಭಕ್ತಿಗಳಿದ್ದವು. ರೂಪಗಳು ಕ್ರಮಬದ್ಧವೇ ಆದರೂ ಒಂದೊಂದು ಧಾತುವಿಗೆ ಅಪಾರ ಸಂಖ್ಯೆಯಲ್ಲಿದ್ದವು. ಕ್ರಮಬದ್ಧತೆಯೊಂದೇ ಸಾಲದು, ಮಿತವ್ಯಯವೂ ಬೇಕೆಂಬುದು ಜಾಮೆನ್‌ಹೋಫ್ ಅವರ ನಿಲುವು.

ಅವರ ಆರನೆಯ ನಿಯಮವು ಕ್ರಿಯಾಪದಕ್ಕೆ ಸಂಬಂಧಿಸಿದ್ದು. ಲಿಂಗ, ವಚನ, ಪುರುಷಗಳಿಗಾಗಿ ಕ್ರಿಯಾಪದ ಬದಲಾಗುವುದಿಲ್ಲ. ವರ್ತಮಾನಕ್ಕೆ ಆಸ್, ಭೂತಕ್ಕೆ ಇಸ್, ಭವಿಷ್ಯತ್ತಿಗೆ ಓಸ್, ಸಂಭಾವನಾರ್ಥಕ್ಕೆ ಉಸ್, ವಿಧ್ಯರ್ಥಕ್ಕೆ ಉ, ಕಾಲವನ್ನು ಸೂಚಿಸದ ಭಾವರೂಪಕ್ಕೆ ಇ - ಈ ಆರೇ ಅಂತ್ಯಗಳು. ಅಪವಾದ ರೂಪಗಳಿಲ್ಲ. ನೋಡು ಎಂಬರ್ಥದ ವಿಡ್ ಧಾತುವಿನಿಂದ ವಿಡಾಸ್, ವಿಡಿಸ್, ವಿಡೋಸ್ ಎಂದು ಸಾಧಿಸಿದರೆ ನಾನು, ನೀನು, ಅವಳು, ಅವರು ಎಲ್ಲರಿಗೂ ಅದೇ ರೂಪ. ಕೃದಂತಗಳಲ್ಲಿಯೂ ಇದೇ ಸ್ವರಕ್ರಮ ಮುಂದುವರಿಯುತ್ತದೆ: ಕರ್ತರಿಗೆ ಅಂಟ್, ಇಂಟ್, ಓಂಟ್, ಕರ್ಮಣಿಗೆ ಆಟ್, ಇಟ್, ಓಟ್. ಅಕಾರ ವರ್ತಮಾನಕ್ಕೆ, ಇಕಾರ ಭೂತಕ್ಕೆ, ಓಕಾರ ಭವಿಷ್ಯತ್ತಿಗೆ ಎಂಬ ಸೂತ್ರವನ್ನು ಒಮ್ಮೆ ಗ್ರಹಿಸಿದವರಿಗೆ ಇಡೀ ವ್ಯವಸ್ಥೆ ಕೈಗೆ ಬರುತ್ತದೆ. ಇರು ಎಂಬರ್ಥದ ಏಸ್ಟಿ ಕ್ರಿಯಾಪದದೊಂದಿಗೆ ಈ ಆರು ಕೃದಂತಗಳನ್ನು ಸೇರಿಸಿ ಸಂಯುಕ್ತ ಕಾಲರೂಪಗಳನ್ನೂ ಕರ್ಮಣಿ ಪ್ರಯೋಗವನ್ನೂ ಸಾಧಿಸಬಹುದು.

ಈ ಸರಳತೆಗೆ ತೆರಬೇಕಾದ ಬೆಲೆಯೂ ಇದೆ. ಕನ್ನಡದಲ್ಲಿ ಬಂದನು, ಬಂದಳು, ಬಂದೆವು ಎಂಬಲ್ಲಿ ಆಖ್ಯಾತ ಪ್ರತ್ಯಯವೇ ಕರ್ತೃವನ್ನು ತಿಳಿಸುವುದರಿಂದ ಸರ್ವನಾಮವನ್ನು ಬಿಟ್ಟು ಮಾತನಾಡಬಹುದು. ಎಸ್ಪೆರಾಂಟೊದಲ್ಲಿ ಕ್ರಿಯಾಪದವು ಕರ್ತೃವಿನ ಬಗ್ಗೆ ಮೌನವಾಗಿರುವುದರಿಂದ ಸರ್ವನಾಮವನ್ನು ಹೇಳಲೇಬೇಕಾಗುತ್ತದೆ. ಮಳೆ ಸುರಿಯುವಂತಹ, ಕರ್ತೃವೇ ಬೇಡದ ಕ್ರಿಯೆಗಳಲ್ಲಿ ಮಾತ್ರ ಪ್ಲುವಾಸ್ ಎಂಬ ಕ್ರಿಯಾಪದವೊಂದೇ ವಾಕ್ಯವಾಗಬಲ್ಲುದು. ಕ್ರಿಯಾಪದದಿಂದ ತೆಗೆದ ಭಾರವನ್ನು ವಾಕ್ಯದ ಬೇರೆ ಅಂಗಗಳು ಹೊರಬೇಕಾಯಿತು.

ಧಾತುವಿನ ಸಕರ್ಮಕತೆಯ ವಿಷಯದಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಎಸ್ಪೆರಾಂಟೊದಲ್ಲಿ ಪ್ರತಿ ಕ್ರಿಯಾಧಾತುವೂ ಸಕರ್ಮಕವೋ ಅಕರ್ಮಕವೋ ಎಂಬುದು ಪದಕೋಶದಲ್ಲಿಯೇ ನಿಗದಿಯಾಗಿರುತ್ತದೆ. ಅಕರ್ಮಕವನ್ನು ಸಕರ್ಮಕವಾಗಿಸಲು ಇಗ್, ಸಕರ್ಮಕವನ್ನು ಅಕರ್ಮಕವಾಗಿಸಲು ಇಜ್ ಪ್ರತ್ಯಯಗಳಿವೆ. ಕುದಿ ಎಂಬರ್ಥದ ಬೋಲಿ ಅಕರ್ಮಕ; ಬೋಲಿಗಿ ಎಂದರೆ ಕುದಿಸು. ಕನ್ನಡದ ಇಸು ಪ್ರತ್ಯಯವನ್ನು ಬಲ್ಲವರಿಗೆ ಇದು ಸುಲಭ. ಆದರೆ ಫಿನಿ ಎಂಬ ಧಾತು ಮುಗಿಸು ಎಂಬ ಸಕರ್ಮಕ ಅರ್ಥದಲ್ಲಿಯೇ ಆರಂಭವಾಗುತ್ತದೆ. ಮುಗಿ ಎನ್ನಬೇಕಾದರೆ ಫಿನಿಜಿ ಎಂದು ಪ್ರತ್ಯಯ ಸೇರಿಸಬೇಕು. ಕನ್ನಡದಲ್ಲಿ ಮುಗಿ, ಕುದಿ ಎರಡೂ ಅಕರ್ಮಕದಿಂದ ಹೊರಟು ಒಂದೇ ದಿಕ್ಕಿನಲ್ಲಿ ಸಾಗಿದರೆ, ಎಸ್ಪೆರಾಂಟೊದಲ್ಲಿ ಒಂದು ಧಾತು ಈ ದಡದಿಂದ, ಇನ್ನೊಂದು ಆ ದಡದಿಂದ ಹೊರಡುತ್ತದೆ. ಯಾವ ಧಾತು ಯಾವ ದಡದ್ದೆಂದು ಕಲಿಯುವವರು ನೆನಪಿಡಬೇಕು. ಹದಿನಾರು ನಿಯಮಗಳಲ್ಲಿ ಇದರ ಪ್ರಸ್ತಾಪವಿಲ್ಲ. ನಿಯಮಗಳು ಅಪವಾದರಹಿತವಾಗಿದ್ದರೂ ಭಾಷೆಯ ಎಲ್ಲ ಜ್ಞಾನವೂ ನಿಯಮಗಳಲ್ಲಿ ಅಡಗಿರುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

ಕರ್ಮಪ್ರತ್ಯಯದ ನೆಲೆ

ಎರಡನೆಯ ನಿಯಮದ ಪ್ರಕಾರ ನಾಮಪದಕ್ಕೆ ಇರುವ ವಿಭಕ್ತಿಗಳು ಎರಡೇ: ಪ್ರಥಮಾ ಮತ್ತು ದ್ವಿತೀಯಾ. ದ್ವಿತೀಯೆಯ ಗುರುತು ಪದಾಂತ್ಯದ ನಕಾರ. ಉಳಿದ ಕಾರಕ ಸಂಬಂಧಗಳನ್ನು ಉಪಸರ್ಗಪದಗಳು ತಿಳಿಸುತ್ತವೆ: ಸಂಪ್ರದಾನಕ್ಕೆ ಆಲ್, ಕರಣಕ್ಕೆ ಪೆರ್, ಸಂಬಂಧಕ್ಕೆ ದೇ. ಲಾ ಕಾಟೋ ವಿಡಾಸ್ ಲಾ ಬಿರ್ಡೋನ್ ಎಂದರೆ ಬೆಕ್ಕು ಹಕ್ಕಿಯನ್ನು ನೋಡುತ್ತದೆ. ಲಾ ಬಿರ್ಡೋನ್ ವಿಡಾಸ್ ಲಾ ಕಾಟೋ ಎಂದರೂ ಅದೇ ಅರ್ಥ. ಕನ್ನಡದಲ್ಲಿ ಅನ್ನು ಪ್ರತ್ಯಯವಿರುವುದರಿಂದ ಹಕ್ಕಿಯನ್ನು ಬೆಕ್ಕು ನೋಡುತ್ತದೆ ಎಂದು ಅನುಕ್ರಮ ಬದಲಿಸಲು ಸಾಧ್ಯವಾಗುವಂತೆಯೇ ಇದು. ಆದರೆ ಕನ್ನಡವು ಪುಸ್ತಕ ಓದಿದೆ, ನೀರು ಕುಡಿದೆ ಎಂಬಂತಹ ವಾಕ್ಯಗಳಲ್ಲಿ ಅಚೇತನ ಕರ್ಮದ ಪ್ರತ್ಯಯವನ್ನು ಬಿಡಲು ಅವಕಾಶ ನೀಡುತ್ತದೆ. ಎಸ್ಪೆರಾಂಟೊದಲ್ಲಿ ಈ ರಿಯಾಯಿತಿಯಿಲ್ಲ. ವಿಶೇಷಣಕ್ಕೂ ನಕಾರ ಹತ್ತಬೇಕು.

ಈ ಪ್ರತ್ಯಯದ ಕೆಲಸ ಪದಾನುಕ್ರಮದ ಸ್ವಾತಂತ್ರ್ಯಕ್ಕೆ ಮುಗಿಯುವುದಿಲ್ಲ. ಬಣ್ಣ ಬಳಿ ಎಂಬರ್ಥದ ಕ್ರಿಯಾಪದದೊಂದಿಗೆ ಮನೆ, ಕೆಂಪು ಎಂಬ ಪದಗಳನ್ನು ಬಳಸಿದಾಗ ಎರಡಕ್ಕೂ ನಕಾರವಿದ್ದರೆ ಕೆಂಪು ಮನೆಗೆ ಬಣ್ಣ ಬಳಿದೆ ಎಂದರ್ಥ. ಮನೆಗೆ ಮಾತ್ರ ನಕಾರವಿದ್ದು ಕೆಂಪು ಎಂಬುದಕ್ಕೆ ಇಲ್ಲದಿದ್ದರೆ ಬಣ್ಣ ಬಳಿದು ಮನೆಯನ್ನು ಕೆಂಪಾಗಿಸಿದೆ ಎಂದರ್ಥ. ಅವನು ನನ್ನನ್ನು ಅಣ್ಣನಂತೆ ಪ್ರೀತಿಸುತ್ತಾನೆ ಎಂಬ ಕನ್ನಡ ವಾಕ್ಯದಲ್ಲಿ ಅಣ್ಣನ ಸ್ಥಾನದಲ್ಲಿರುವವನು ಪ್ರೀತಿಸುವವನೋ ಪ್ರೀತಿಗೆ ಪಾತ್ರನಾದವನೋ ಎಂಬುದು ಸಂದರ್ಭದಿಂದ ತಿಳಿಯಬೇಕು. ಎಸ್ಪೆರಾಂಟೊದಲ್ಲಿ ಅಣ್ಣ ಎಂಬ ಪದಕ್ಕೆ ನಕಾರ ಸೇರಿಸಿದರೆ ಒಂದರ್ಥ, ಬಿಟ್ಟರೆ ಇನ್ನೊಂದು.

ಹದಿಮೂರನೆಯ ನಿಯಮವು ಇದೇ ಪ್ರತ್ಯಯಕ್ಕೆ ಗತಿಯ ದಿಕ್ಕನ್ನು ಸೂಚಿಸುವ ಕೆಲಸವನ್ನೂ ವಹಿಸುತ್ತದೆ. ಒಳಗೆ ಎಂಬರ್ಥದ ಏನ್ ಉಪಸರ್ಗದ ಮುಂದೆ ಮನೆ ಎಂಬ ಪದ ನಕಾರವಿಲ್ಲದೆ ಬಂದರೆ ಮನೆಯೊಳಗೆ ಇರುವುದು, ನಕಾರದೊಂದಿಗೆ ಬಂದರೆ ಮನೆಯೊಳಕ್ಕೆ ಹೋಗುವುದು. ಹದಿನಾಲ್ಕನೆಯ ನಿಯಮವು ಯಾವ ಉಪಸರ್ಗ ಸಲ್ಲುತ್ತದೆಂಬುದು ಸ್ಪಷ್ಟವಿಲ್ಲದಿದ್ದಾಗ ನಿಶ್ಚಿತಾರ್ಥವಿಲ್ಲದ ಯೇ ಎಂಬ ಉಪಸರ್ಗವನ್ನೋ ಅಥವಾ ದ್ವಿತೀಯೆಯನ್ನೋ ಬಳಸಲು ಅನುಮತಿಸುತ್ತದೆ. ಇದರಿಂದಾಗಿ ನೆರವಾಗು ಎಂಬರ್ಥದ ಹೆಲ್ಪಿ ಕ್ರಿಯಾಪದವು ನೆರವು ಪಡೆಯುವವನನ್ನು ಆಲ್ ಉಪಸರ್ಗದಿಂದಲೂ ಸೂಚಿಸಬಲ್ಲದು, ನಕಾರದಿಂದಲೂ ಸೂಚಿಸಬಲ್ಲದು. ಕಾರಕಗಳ ಬಗ್ಗೆ ಭಿನ್ನ ಭಾಷಿಕರ ಗ್ರಹಿಕೆ ಭಿನ್ನವೆಂಬುದನ್ನು ಬಲ್ಲ ಜಾಮೆನ್‌ಹೋಫ್ ಇಲ್ಲಿ ನಿಯಮವನ್ನು ಬೇಕೆಂದೇ ಸಡಿಲವಾಗಿ ಇಟ್ಟರೆನ್ನಬಹುದು. ಕರ್ಮಣಿ ಪ್ರಯೋಗದ ಕರ್ತೃವಿಗೆ ಬಳಸುವ ದೇ ಮಾತ್ರ ಅಷ್ಟು ತೃಪ್ತಿಕರವಾಗಿಲ್ಲ. ಷಷ್ಠಿ, ಅಪಾದಾನ, ಕರ್ತೃ ಮೂರನ್ನೂ ಅದೊಂದೇ ಹೊರುವುದರಿಂದ ಕೆಲವೆಡೆ ಅರ್ಥ ಸಂದಿಗ್ಧವಾಗುತ್ತದೆ.

1894ರ ಮತದಾನ

ಮೊದಲ ಪುಸ್ತಕದಲ್ಲಿಯೇ ಜಾಮೆನ್‌ಹೋಫ್ ಭಾಷೆಯ ಮೇಲಿನ ತಮ್ಮ ವೈಯಕ್ತಿಕ ಹಕ್ಕುಗಳನ್ನೆಲ್ಲ ಬಿಟ್ಟುಕೊಟ್ಟಿದ್ದರು. ಯಾವುದೇ ದೇಶದ ಭಾಷೆಯಂತೆ ಇದೂ ಸಮಾಜದ ಸ್ವತ್ತೆಂಬುದು ಅವರ ಘೋಷಣೆ. ಈ ಮಾತಿನ ತೂಕ ತಿಳಿಯಬೇಕಾದರೆ ವೋಲಾಪ್ಯುಕ್ ಗತಿಯನ್ನು ನೋಡಬೇಕು. 1889ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಸಮ್ಮೇಳನದ ಹೊತ್ತಿಗೆ ಆಗಸ್ಟ್ ಕೆರ್ಕ್‌ಹಾಫ್ಸ್ ಮೊದಲಾದವರು ವ್ಯಾಕರಣದ ಸರಳೀಕರಣ ಬಯಸಿದ್ದರು. ಭಾಷೆಯ ವಿಷಯದಲ್ಲಿ ಅಂತಿಮ ಅಧಿಕಾರ ತನ್ನದೇ ಎಂದು ಶ್ಲೇಯರ್ ಪಟ್ಟುಹಿಡಿದರು. ಬಣಗಳಾದವು, ಕೆಲವೇ ವರ್ಷಗಳಲ್ಲಿ ಆ ಭಾಷೆಯ ಬಳಕೆದಾರರು ಚದುರಿಹೋದರು.

ಎಸ್ಪೆರಾಂಟೊಗೂ ಇಂತಹ ಪರೀಕ್ಷೆ ಬೇಗನೆ ಬಂದಿತು. 1889ರಲ್ಲಿ ಆರಂಭವಾಗಿದ್ದ ಲಾ ಎಸ್ಪೆರಾಂಟಿಸ್ಟೊ ಪತ್ರಿಕೆಯ ಸುತ್ತ ಸೇರಿದ ಬಳಕೆದಾರರಲ್ಲಿ ಒಂದು ವರ್ಗ ಸುಧಾರಣೆಗೆ ಒತ್ತಾಯಿಸುತ್ತಿತ್ತು. ಕರ್ಮಪ್ರತ್ಯಯವಿಲ್ಲದ ಭಾಷೆಗಳಿಂದ ಬಂದವರಿಗೆ ನಕಾರವು ದಿನನಿತ್ಯದ ತಪ್ಪುಗಳ ಮೂಲವಾಗಿತ್ತು. 1894ರಲ್ಲಿ ಜಾಮೆನ್‌ಹೋಫ್ ತಾವೇ ವಿಸ್ತಾರವಾದ ಸುಧಾರಣಾ ಪ್ರಸ್ತಾವವನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು. ಮೇಲ್ಗುರುತಿನ ಅಕ್ಷರಗಳನ್ನು ತೆಗೆಯುವುದು, ನಿಶ್ಚಿತಾರ್ಥಕ ಪದವನ್ನು ಕೈಬಿಡುವುದು, ಬಹುವಚನದ ರೂಪ ಬದಲಿಸುವುದು, ವಿಶೇಷಣಕ್ಕೆ ವಚನ ವಿಭಕ್ತಿಗಳ ಹೊಂದಿಕೆಯನ್ನು ರದ್ದುಪಡಿಸುವುದು, ನಕಾರವನ್ನು ತೊಡೆದು ಕರ್ಮವನ್ನು ಪದಾನುಕ್ರಮದಿಂದಲೇ ಗುರುತಿಸುವುದು ಅದರಲ್ಲಿದ್ದ ಮುಖ್ಯ ಅಂಶಗಳು. ಹದಿನೈದು ವರ್ಷಗಳ ಕಾಲ ತಾವೇ ಕಟ್ಟಿ ನಿಲ್ಲಿಸಿದ ಕಾರಕವ್ಯವಸ್ಥೆಯ ಆಧಾರವನ್ನೇ ತೆಗೆಯಲು ಅವರು ಸಿದ್ಧರಾಗಿದ್ದರು.

ತೀರ್ಮಾನವನ್ನು ಅವರು ಪತ್ರಿಕೆಯ ಚಂದಾದಾರರಿಗೆ ಬಿಟ್ಟರು. ಚಲಾವಣೆಯಾದ 264 ಮತಗಳಲ್ಲಿ 157 ಯಾವುದೇ ಬದಲಾವಣೆಯನ್ನು ನಿರಾಕರಿಸಿದವು. ಉಳಿದ 107 ಪೂರ್ಣವಾಗಿ ಅಥವಾ ಭಾಗಶಃ ಸುಧಾರಣೆಯ ಪರವಾಗಿದ್ದವು. ಭಾಷೆ ಹುಟ್ಟಿ ಆಗಿದ್ದುದು ಏಳು ವರ್ಷ. ಅಷ್ಟರಲ್ಲಿಯೇ ಅದರಲ್ಲಿ ಪತ್ರ ಬರೆದ, ಕವಿತೆ ಕಟ್ಟಿದ, ಅನುವಾದ ಮಾಡಿದ ಜನರಿದ್ದರು. ಅವರಿಗೆ ಆ ಪ್ರತ್ಯಯ ರೂಢಿಯಾಗಿತ್ತು, ಹೊಸ ರೂಪಗಳು ಪರಕೀಯವಾಗಿ ಕಂಡವು. ಜಾಮೆನ್‌ಹೋಫ್ ಬಹುಮತವನ್ನು ಒಪ್ಪಿ ಪ್ರಸ್ತಾವವನ್ನು ಹಿಂತೆಗೆದುಕೊಂಡರು. ಮತದಾನ ನಡೆದ ಆ ವರ್ಷವೇ ಅವರ ಹ್ಯಾಮ್ಲೆಟ್ ಅನುವಾದವೂ ಪ್ರಕಟವಾಯಿತು. ನಾಟಕದ ಛಂದೋಬದ್ಧ ಸಾಲುಗಳಲ್ಲಿ ಕರ್ಮವನ್ನು ಬೇಕೆಂದ ಸ್ಥಾನಕ್ಕೆ ಸರಿಸುವ ಅನುಕೂಲ ಒದಗಿದ್ದು ಅದೇ ನಕಾರದಿಂದ. ಮರುವರ್ಷ ಟಾಲ್‌ಸ್ಟಾಯ್ ಅವರ ಬರಹವೊಂದನ್ನು ಪ್ರಕಟಿಸಿದ ಕಾರಣಕ್ಕೆ ಲಾ ಎಸ್ಪೆರಾಂಟಿಸ್ಟೊ ಪತ್ರಿಕೆಗೆ ರಷ್ಯಾದಲ್ಲಿ ಪ್ರವೇಶ ನಿಷೇಧವಾಗಿ, ಹೆಚ್ಚಿನ ಓದುಗರನ್ನು ಕಳೆದುಕೊಂಡು ಅದು ನಿಂತುಹೋಯಿತು. ಸ್ವೀಡನ್ನಿನ ಉಪ್ಸಾಲಾದಿಂದ ಹೊರಟ ಲಿಂಗ್ವೊ ಇಂಟೆರ್ನಾಸಿಯಾ ಅದರ ಸ್ಥಾನ ತುಂಬಿತು.

ಫುಂಡಮೆಂಟೊ ಮತ್ತು ಇಡೊ

1905ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಬುಲೋನ್ ಸುರ್ ಮೇರ್ ಪಟ್ಟಣದಲ್ಲಿ ಮೊದಲ ವಿಶ್ವ ಸಮ್ಮೇಳನ ಸೇರಿತು. ಸುಮಾರು 700 ಜನ ಭಾಗವಹಿಸಿದ್ದರು. ಅದುವರೆಗೆ ಬಹುಪಾಲು ಬರಹದಲ್ಲಿದ್ದ ಭಾಷೆಯನ್ನು ಬೇರೆ ಬೇರೆ ದೇಶಗಳ ಇಷ್ಟೊಂದು ಜನ ಒಂದೆಡೆ ಕೂಡಿ ಆಡಿದುದು ಅಲ್ಲಿಯೇ ಮೊದಲು. ಅದೇ ವರ್ಷ ಫುಂಡಮೆಂಟೊ ದೇ ಎಸ್ಪೆರಾಂಟೊ ಎಂಬ ಆಧಾರಗ್ರಂಥ ಪ್ರಕಟವಾಯಿತು. ಐದು ಭಾಷೆಗಳಲ್ಲಿ ನೀಡಿದ ಹದಿನಾರು ನಿಯಮಗಳು, ಅಭ್ಯಾಸ ಪಾಠಗಳು, ಪದಕೋಶ - ಇವು ಅದರ ಮೂರು ಭಾಗಗಳು. ಈ ಗ್ರಂಥವನ್ನು ಯಾರೂ ಬದಲಿಸುವಂತಿಲ್ಲವೆಂದೂ ತಮಗೂ ಆ ಅಧಿಕಾರವಿಲ್ಲವೆಂದೂ ಜಾಮೆನ್‌ಹೋಫ್ ಪೀಠಿಕೆಯಲ್ಲಿ ವಿಧಿಸಿದರು. ಹೊಸ ರೂಪಗಳು ಹಳೆಯವುಗಳ ಪಕ್ಕದಲ್ಲಿ ಬಳಕೆಗೆ ಬರಬಹುದು. ಹಳೆಯವು ತಾವಾಗಿಯೇ ಸವೆದುಹೋಗುವವರೆಗೆ ತಪ್ಪೆನಿಸಲಾರವು. ಸಹಜ ಭಾಷೆಗಳಲ್ಲಿ ಬದಲಾವಣೆ ನಡೆಯುವ ರೀತಿಯನ್ನೇ ಅವರು ಇಲ್ಲಿ ನಿಯಮವಾಗಿ ಬರೆದರು. ಅಭ್ಯಾಸ ಪಾಠಗಳನ್ನು ನಿಯಮಗಳಷ್ಟೇ ಪ್ರಮಾಣವೆಂದು ಪರಿಗಣಿಸಿದ್ದು ವ್ಯಾಕರಣದ ದೃಷ್ಟಿಯಿಂದ ಮಹತ್ವದ ಹೆಜ್ಜೆ. ನಿಯಮ ಮೌನವಾಗಿದ್ದಲ್ಲಿ ಪ್ರಯೋಗವೇ ಪ್ರಮಾಣವಾಯಿತು.

ಎರಡು ವರ್ಷಗಳಲ್ಲಿಯೇ ಈ ನಿಲುವಿಗೆ ಸವಾಲು ಎದುರಾಯಿತು. ಅಂತರರಾಷ್ಟ್ರೀಯ ಸಹಾಯಕ ಭಾಷೆಯೊಂದನ್ನು ಆಯ್ಕೆಮಾಡಲು ಲೂಯಿ ಕೂತುರಾ ಮತ್ತು ಲಿಯೊಪೋಲ್ ಲೋ 1901ರಲ್ಲಿ ಸ್ಥಾಪಿಸಿದ್ದ ನಿಯೋಗದ ಸಮಿತಿ 1907ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಸಭೆ ಸೇರಿತು. ರಸಾಯನ ವಿಜ್ಞಾನಿ ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್, ಭಾಷಾವಿಜ್ಞಾನಿಗಳಾದ ಓಟೊ ಯೆಸ್ಪರ್ಸನ್ ಮತ್ತು ಬೊದುಯೆನ್ ದ ಕೂರ್ತನೆ ಅದರಲ್ಲಿದ್ದರು. ಎಸ್ಪೆರಾಂಟೊ ಪರವಾಗಿ ವಾದಿಸಲು ಜಾಮೆನ್‌ಹೋಫ್ ಲೂಯಿ ದ ಬೋಫ್ರೋಂ ಅವರನ್ನು ನೇಮಿಸಿದ್ದರು. ಇಡೊ ಎಂಬ ಗುಪ್ತನಾಮದಲ್ಲಿ ಒಂದು ಸುಧಾರಣಾ ಯೋಜನೆ ಸಮಿತಿಯ ಮುಂದೆ ಬಂದಿತು. ಸಮಿತಿಯು ಎಸ್ಪೆರಾಂಟೊವನ್ನು ತಾತ್ವಿಕವಾಗಿ ಒಪ್ಪಿ, ಆ ಯೋಜನೆಯ ದಿಕ್ಕಿನಲ್ಲಿ ತಿದ್ದುಪಡಿಗಳಾಗಬೇಕೆಂದಿತು. ಯೋಜನೆಯನ್ನು ಮಂಡಿಸಿದವರು ತಾವೆಂದು ಬೋಫ್ರೋಂ ಮರುವರ್ಷ ಒಪ್ಪಿಕೊಂಡರು.

ಇಡೊ ಎಂಬ ಹೆಸರಿನಿಂದಲೇ ಹೊರಟ ಹೊಸ ಭಾಷೆಯ ವ್ಯಾಕರಣವನ್ನು ಪರಿಶೀಲಿಸಿದರೆ ಯಾವುದು ವಿವಾದಾತೀತ, ಯಾವುದು ವಿವಾದಾಸ್ಪದ ಎಂಬುದು ತಿಳಿಯುತ್ತದೆ. ಆಸ್, ಇಸ್, ಓಸ್, ಉಸ್ ಅಂತ್ಯಗಳನ್ನು ಇಡೊ ಹಾಗೆಯೇ ಉಳಿಸಿಕೊಂಡಿತು; ಕೃದಂತಗಳ ಸ್ವರಕ್ರಮವನ್ನೂ ಬಿಡಲಿಲ್ಲ. ಭಾವರೂಪಕ್ಕೆ ಆರ್, ವಿಧ್ಯರ್ಥಕ್ಕೆ ಏಜ್ ಎಂದಷ್ಟೇ ಬದಲಿಸಿತು. ಕರ್ಮಪ್ರತ್ಯಯದಲ್ಲಿ ಮಾತ್ರ ಮೂಲಭೂತ ವ್ಯತ್ಯಾಸ: ಕರ್ಮವು ಕರ್ತೃವಿಗಿಂತ ಮೊದಲು ಬಂದರೆ ನಕಾರ ಬೇಕು, ಇಲ್ಲದಿದ್ದರೆ ಬೇಡ. ವಿಶೇಷಣಕ್ಕೆ ಹೊಂದಿಕೆಯೂ ಇಲ್ಲ. ಜಾಮೆನ್‌ಹೋಫ್ 1894ರಲ್ಲಿ ತಾವೇ ಮುಂದಿಟ್ಟಿದ್ದ ಪ್ರಸ್ತಾವಕ್ಕೆ ಇದು ಹತ್ತಿರವಾದುದು. ತರ್ಕದ ದೃಷ್ಟಿಯಿಂದ ಅದನ್ನು ವಿರೋಧಿಸಲು ಅವರಿಗೆ ವಿಶೇಷ ಕಾರಣವಿರಲಿಲ್ಲ. ಆದರೂ ಅವರು ಒಪ್ಪಲಿಲ್ಲ. ವಿದ್ವಾಂಸರ ಸಣ್ಣ ಸಮಿತಿಯೊಂದು ಬಳಕೆದಾರರ ತಲೆಯ ಮೇಲಿನಿಂದ ವ್ಯಾಕರಣವನ್ನು ತಿದ್ದಬಹುದೇ ಎಂಬುದು ಅವರ ಮುಂದಿದ್ದ ಪ್ರಶ್ನೆಯಾಗಿತ್ತು. ಹಿಂದೆ ತಮಗೆ ಇಲ್ಲವೆಂದು ಒಪ್ಪಿಕೊಂಡ ಅಧಿಕಾರವನ್ನು ಸಮಿತಿಗೂ ನೀಡಲು ಅವರು ಸಿದ್ಧರಿರಲಿಲ್ಲ. ಚಳವಳಿಯ ಹಲವು ಮುಂದಾಳುಗಳು ಇಡೊ ಪಾಳೆಯ ಸೇರಿದರು. ಸಾಮಾನ್ಯ ಬಳಕೆದಾರರಲ್ಲಿ ಹೆಚ್ಚಿನವರು ಎಸ್ಪೆರಾಂಟೊದಲ್ಲಿಯೇ ಉಳಿದರು. ಒಮ್ಮೆ ಸುಧಾರಣೆಗೆ ತೆರೆದುಕೊಂಡ ಇಡೊ ಮತ್ತೆ ಮತ್ತೆ ತಿದ್ದುಪಡಿಗಳನ್ನು ಎದುರಿಸಬೇಕಾಯಿತು. ಅದನ್ನು ಬೆಂಬಲಿಸಿದ್ದ ಯೆಸ್ಪರ್ಸನ್ ಅವರೇ 1928ರಲ್ಲಿ ನೋವಿಯಲ್ ಎಂಬ ಬೇರೆ ಭಾಷೆಯನ್ನು ರಚಿಸಿದರು.

ಕೊನೆಯ ವರ್ಷಗಳು ಮತ್ತು ಆನಂತರ

ಈ ಎಲ್ಲ ವರ್ಷಗಳಲ್ಲಿ ಜಾಮೆನ್‌ಹೋಫ್ ವಾರ್ಸಾದ ಬಡ ಯಹೂದಿಗಳ ಕೇರಿಯಲ್ಲಿ ಅಲ್ಪ ಶುಲ್ಕಕ್ಕೆ ಕಣ್ಣಿನ ಚಿಕಿತ್ಸೆ ನೀಡುತ್ತ ಜೀವನ ಸಾಗಿಸಿದರು. ಹಗಲು ರೋಗಿಗಳು, ರಾತ್ರಿ ಪತ್ರವ್ಯವಹಾರ ಮತ್ತು ಅನುವಾದ. 1906ರ ಜೂನ್‌ನಲ್ಲಿ ಅವರ ಹುಟ್ಟೂರು ಬಿಯಾಲಿಸ್ಟಾಕ್‌ನಲ್ಲಿ ಯಹೂದಿಗಳ ಹತ್ಯಾಕಾಂಡ ನಡೆಯಿತು. ಆ ವರ್ಷದ ಜಿನೀವಾ ಸಮ್ಮೇಳನದಲ್ಲಿ ಅವರು ಆ ದಾರುಣ ಘಟನೆಯನ್ನು ಪ್ರಸ್ತಾಪಿಸಿದರು. ಧರ್ಮ, ಜನಾಂಗಗಳನ್ನು ಮೀರಿದ ಮಾನವೈಕ್ಯದ ತತ್ವವನ್ನು ಹೋಮರಾನಿಸ್ಮೊ ಎಂಬ ಹೆಸರಿನಲ್ಲಿ ಅವರು ಪ್ರತಿಪಾದಿಸುತ್ತಿದ್ದರು. ಭಾಷೆಯನ್ನು ಕೇವಲ ವ್ಯವಹಾರ ಸಾಧನವೆಂದು ಕಾಣುತ್ತಿದ್ದ ಅನುಯಾಯಿಗಳಿಗೆ ಇದು ಮುಜುಗರ ತಂದಿತು. 1912ರ ಕ್ರಾಕೋವ್ ಸಮ್ಮೇಳನದಲ್ಲಿ ಅವರು ಚಳವಳಿಯ ನಾಯಕಸ್ಥಾನದಿಂದ ಬಹಿರಂಗವಾಗಿ ಹಿಂದೆ ಸರಿದರು. 1914ರಲ್ಲಿ ಪ್ಯಾರಿಸ್ ಸಮ್ಮೇಳನಕ್ಕೆ ಹೊರಟಿದ್ದಾಗ ಮಹಾಯುದ್ಧ ಆರಂಭವಾಯಿತು. ಜರ್ಮನಿಯ ಕೋಲೋನ್‌ನಿಂದ ಕಷ್ಟಪಟ್ಟು ಮನೆಗೆ ಮರಳಬೇಕಾಯಿತು. ಹೃದಯದ ಕಾಯಿಲೆ ಉಲ್ಬಣಿಸಿದ್ದರೂ 1915ರಲ್ಲಿ ಬೈಬಲ್ಲಿನ ಹಳೆಯ ಒಡಂಬಡಿಕೆಯ ಅನುವಾದವನ್ನು ಪೂರ್ಣಗೊಳಿಸಿದರು. 1917ರ ಏಪ್ರಿಲ್ 14ರಂದು ಜರ್ಮನ್ ಆಕ್ರಮಿತ ವಾರ್ಸಾದಲ್ಲಿ ನಿಧನರಾದರು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಅವರ ಮೂವರು ಮಕ್ಕಳನ್ನೂ ಕೊಂದರು: ಮಗ ಆಡಮ್‌ರನ್ನು 1940ರಲ್ಲಿ ಗುಂಡಿಕ್ಕಿ, ಹೆಣ್ಣುಮಕ್ಕಳಾದ ಸೋಫಿಯಾ ಮತ್ತು ಲಿಡಿಯಾರನ್ನು 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ.

ಜಾಮೆನ್‌ಹೋಫ್ ಮರಣದ ಬಹುಕಾಲದ ಬಳಿಕ ಕ್ರಿಯಾಪದದ ಒಂದು ಮೂಲೆಯಲ್ಲಿ ಅವರು ಸ್ಪಷ್ಟಪಡಿಸದೆ ಬಿಟ್ಟಿದ್ದ ಸಂಗತಿ ದೊಡ್ಡ ವಿವಾದವಾಯಿತು. ಕರ್ಮಣಿಯ ಆಟ್ ಮತ್ತು ಇಟ್ ಪ್ರತ್ಯಯಗಳು ಕಾಲವನ್ನು ಸೂಚಿಸುತ್ತವೆಯೋ, ಕ್ರಿಯೆ ನಡೆಯುತ್ತಿದೆ ಅಥವಾ ಮುಗಿದಿದೆ ಎಂಬ ಸ್ಥಿತಿಯನ್ನು ಸೂಚಿಸುತ್ತವೆಯೋ ಎಂಬುದು ಪ್ರಶ್ನೆ. ನಾನು ಇಂತಹ ವರ್ಷ ಜನಿಸಿದೆ ಎಂಬ ವಾಕ್ಯವನ್ನು ಏಸ್ಟಿಸ್ ನಾಸ್ಕಿಟಾ ಎನ್ನಬೇಕೆಂದು ಒಂದು ಪಕ್ಷ, ಏಸ್ಟಿಸ್ ನಾಸ್ಕಾಟಾ ಎನ್ನಬೇಕೆಂದು ಇನ್ನೊಂದು. ಎರಡನೆಯ ಪಕ್ಷದಲ್ಲಿ ಜರ್ಮಾನಿಕ್ ಭಾಷಿಕರು ಹೆಚ್ಚಾಗಿದ್ದರು. 1950 ಮತ್ತು 60ರ ದಶಕಗಳಲ್ಲಿ ತೀವ್ರಗೊಂಡ ಈ ಚರ್ಚೆಯಲ್ಲಿ ಎರಡೂ ಕಡೆಯವರು ತರ್ಕವನ್ನು ಮುಂದಿಟ್ಟರು. ತೀರ್ಪಿಗೆ ನೆರವಾದುದು ಫುಂಡಮೆಂಟೊ ಮತ್ತು ಜಾಮೆನ್‌ಹೋಫ್ ಅವರ ಪ್ರಯೋಗಗಳು. 1967ರಲ್ಲಿ ಎಸ್ಪೆರಾಂಟೊ ಅಕಾಡೆಮಿಯು ಇಟ್ ಪ್ರತ್ಯಯವು ಕ್ರಿಯೆಯ ಪೂರ್ಣತೆಯನ್ನು ಸೂಚಿಸುತ್ತದೆಂಬ ಮೊದಲ ಪಕ್ಷವನ್ನು ಎತ್ತಿಹಿಡಿಯಿತು. ಸಂಯುಕ್ತ ಕಾಲರೂಪಗಳಾದರೋ ಈ ಹೊತ್ತಿಗೆ ಆಡುಮಾತಿನಲ್ಲಿ ವಿರಳವಾಗಿದ್ದವು. ಸರಳ ಕ್ರಿಯಾರೂಪದೊಂದಿಗೆ ಈಗಾಗಲೇ ಎಂಬರ್ಥದ ಯಾಮ್ ಅವ್ಯಯ ಸೇರಿಸುವುದೇ ಭಾಷಿಕರಿಗೆ ಸಾಕೆನಿಸಿತ್ತು. ನಿಯಮ ಅನುಮತಿಸಿದ್ದೆಲ್ಲವನ್ನೂ ಬಳಕೆ ಉಳಿಸಿಕೊಳ್ಳಲಿಲ್ಲ.

ಕರ್ಮಪ್ರತ್ಯಯದ ನಕಾರ ಇಂದಿಗೂ ಕಲಿಯುವವರನ್ನು ಎಡವಿಸುತ್ತದೆ. ಅದನ್ನು ತೆಗೆಯಬೇಕೆಂಬ ಸಲಹೆಗಳೂ ನಿಂತಿಲ್ಲ. ಆದರೆ ಅದು ಭಾಷೆಯಲ್ಲಿ ಉಳಿದಿದೆ. ಅದನ್ನು ಇಟ್ಟವರೇ ತೆಗೆಯಹೊರಟಾಗ ಉಳಿಸಿದವರು ಹೆಸರು ದಾಖಲಾಗದ ನೂರೈವತ್ತೇಳು ಮಂದಿ ಬಳಕೆದಾರರು. ವ್ಯಾಕರಣ ಪರಂಪರೆಯಲ್ಲಿ ಲಕ್ಷ್ಯವು ಮೊದಲು, ಲಕ್ಷಣವು ಅದನ್ನು ಹಿಂಬಾಲಿಸುವಂಥದು. ಕೃತಕ ಭಾಷೆಯಲ್ಲಿ ಲಕ್ಷಣವೇ ಮೊದಲು ಹುಟ್ಟುತ್ತದೆ. ಆ ಕ್ರಮ ತಿರುವುಮುರುವಾಗುವ ಘಳಿಗೆಯನ್ನು ಗುರುತಿಸಿ, ಸೂತ್ರಕಾರನ ಪೀಠದಿಂದ ಇಳಿದು ಉಳಿದವರಂತೆ ತಾವೂ ಒಬ್ಬ ಪ್ರಯೋಗಕಾರರಾಗಿ ನಿಂತುದು ಜಾಮೆನ್‌ಹೋಫ್ ಅವರ ವ್ಯಾಕರಣಕಾರ್ಯದ ವಿಶಿಷ್ಟತೆ. ಆರು ಕ್ರಿಯಾ ಅಂತ್ಯಗಳ ಮಿತವ್ಯಯವನ್ನು ಅನಂತರದ ಹಲವು ಭಾಷಾರಚನಕಾರರು ಅನುಸರಿಸಿದರು. ಈ ಸಂಯಮವನ್ನು ಅನುಸರಿಸಿದವರು ವಿರಳ.